ಪಂಚನಾಮೆಯಲ್ಲಿ ಹೆಸರು ಬಾರದವರು: ಮೂರು ಜಿಲ್ಲೆಗಳ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಪೊಲೀಸ್ ವರಿಷ್ಠಾಧಿಕಾರಿಗಳು, ಜಿಲ್ಲಾಧಿಕಾರಿಗಳು ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳ ಸದಸ್ಯ ಕಾರ್ಯದರ್ಶಿಗಳು,
ಕೊಪ್ಪಳ, ಬಳ್ಳಾರಿ, ರಾಯಚೂರು

ವಿಷಯ: ಅನೈತಿಕ ವ್ಯವಹಾರ (ತಡೆ) ಕಾಯ್ದೆಯ ದಾಳಿಗಳಲ್ಲಿ ಮಹಿಳೆಯರನ್ನು ಆರೋಪಿಗಳನ್ನಾಗಿ ಮಾಡುತ್ತಿರುವುದನ್ನು ನಿಲ್ಲಿಸುವ ಕುರಿತು

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆಯ ಒಂದು ತಾಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವಳು. ನಾವು ಚಿಕ್ಕದಾಗಿ ಐಟಿಪಿ ಎನ್ನುವ 1956ರ ಕಾಯ್ದೆಯಡಿ ಸಿಕ್ಕಿಬಿದ್ದ ಹೆಣ್ಣುಮಕ್ಕಳ ಪರವಾಗಿ ವಕಾಲತ್ತು ಹಾಕುತ್ತಾ ಬಂದಿದ್ದೇನೆ. ಮೂರೂ ಜಿಲ್ಲೆಗಳ ಹೆಣ್ಣುಮಕ್ಕಳು ನನ್ನ ಬಳಿ ಬಂದಿದ್ದಾರೆ. ಯಾವ ಊರಿನ ಕೇಸಾದರೂ ಕಾಗದ ಮಾತ್ರ ಒಂದೇ ಅಚ್ಚಿನದು. ದಾಳಿ ಆಯಿತು, ಇಷ್ಟು ಮಂದಿ ಮಹಿಳೆಯರು ಸಿಕ್ಕರು, ಇಷ್ಟು ನಗದು, ಇಷ್ಟು ಮೊಬೈಲು, ಇಷ್ಟು ಕಾಂಡೋಮ್ ಜಪ್ತಿ, ಲಾಡ್ಜಿನ ಮಾಲೀಕ ಪರಾರಿ. ಕೆಲವು ಪಂಚನಾಮೆಗಳಲ್ಲಿ ಮಾಲೀಕನ ಹೆಸರೇ ಇರುವುದಿಲ್ಲ. ಆ ಹೆಸರಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಈ ಪತ್ರವನ್ನು ಊರಿನವರೂ ಓದುತ್ತಾರೆ, ಆ ಹೆಣ್ಣುಮಕ್ಕಳ ಪೈಕಿ ಅಕ್ಷರ ಬಲ್ಲವರೂ ಓದುತ್ತಾರೆ. ಅದಕ್ಕಾಗಿ ಕಾನೂನಿನ ಮಾತನ್ನು ಬಿಡಿಸಿಯೇ ಹೇಳುತ್ತೇನೆ. ಪ್ರಾಯಕ್ಕೆ ಬಂದ, ಅಂದರೆ 18 ತುಂಬಿದ ಒಬ್ಬ ಹೆಣ್ಣುಮಗಳು ತನ್ನ ಇಚ್ಛೆಯಿಂದ, ಖಾಸಗಿಯಾಗಿ, ಹಣಕ್ಕೆ ಲೈಂಗಿಕ ಸಂಬಂಧ ಇಟ್ಟುಕೊಳ್ಳುವುದನ್ನು ಈ ಕಾಯ್ದೆ ಅಪರಾಧ ಎಂದು ಎಲ್ಲೂ ಕರೆದಿಲ್ಲ. 2020ರಲ್ಲಿ ಬಾಂಬೆ ಹೈಕೋರ್ಟು ಮೂವರು ಯುವತಿಯರನ್ನು ಅವರನ್ನು ಇರಿಸಿದ್ದ ಮಹಿಳಾ ಆಶ್ರಯಗೃಹದಿಂದ ಬಿಡುಗಡೆ ಮಾಡಿದಾಗ ಇದನ್ನೇ ಬಿಡಿಸಿ ಹೇಳಿತು. ಕಾಯ್ದೆ ಶಿಕ್ಷಿಸುವುದು ಅಡ್ಡೆ ನಡೆಸುವವರನ್ನು (ಕಲಂ 3), ಇನ್ನೊಬ್ಬರ ಈ ದುಡಿಮೆಯ ಮೇಲೆ ಬದುಕುವವರನ್ನು (ಕಲಂ 4), ಹೆಣ್ಣುಮಕ್ಕಳನ್ನು ಈ ದಂಧೆಗೆ ತರುವವರನ್ನು (ಕಲಂ 5), ಕೂಡಿಹಾಕುವವರನ್ನು (ಕಲಂ 6). ಕಲಂ 5ಕ್ಕೆ ಕನಿಷ್ಠ 3 ವರ್ಷ ಕಠಿಣ ಸಜೆ. ಕಲಂ 6ಕ್ಕೆ ಜೀವಾವಧಿಯವರೆಗೂ ಹೋಗಬಹುದು. ಇಷ್ಟು ಬಲವಾದ ಕಲಂಗಳಿದ್ದೂ ನಮ್ಮ ಭಾಗದ ಕೋರ್ಟುಗಳಿಗೆ ಹೆಚ್ಚಾಗಿ ಬರುವುದು ಕಲಂ 8 ಮತ್ತು ಕಲಂ 7. ಈ ಎರಡೂ ತಟ್ಟುವುದು ನೇರವಾಗಿ ಆ ಹೆಣ್ಣುಮಗಳಿಗೆ.

ಕಲಂ 8 ಅಂದರೆ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆದದ್ದು. ಕೈಸನ್ನೆ, ಮಾತು, ಕಿಟಕಿಯಲ್ಲಿ ಅಥವಾ ಬಾಲ್ಕನಿಯಲ್ಲಿ ಕೂತಿದ್ದು, ಎಲ್ಲವೂ ಇದರೊಳಗೆ ಬರುತ್ತವೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡೂ. ಎರಡನೇ ಸಲಕ್ಕೆ ಒಂದು ವರ್ಷದವರೆಗೆ. ಅದೇ ಕಲಂ ಕೆಳಗೆ ಒಂದು ಪರಂತುಕ, ಅಂದರೆ ವಿನಾಯಿತಿಯ ಮಾತು ಇದೆ: ಇದೇ ಅಪರಾಧವನ್ನು ಗಂಡಸು ಮಾಡಿದರೆ 7 ದಿನಕ್ಕೆ ಕಡಿಮೆಯಿಲ್ಲದಂತೆ 3 ತಿಂಗಳವರೆಗೆ. ಒಂದೇ ರಸ್ತೆ, ಒಂದೇ ಕೃತ್ಯ. ಹೆಣ್ಣಿಗೆ ಗರಿಷ್ಠ ಶಿಕ್ಷೆ ಗಂಡಸಿನ ಎರಡು ಪಟ್ಟು. ಇದನ್ನು ಸಂಸತ್ತು ಬರೆದದ್ದು, ನೀವು ಬರೆದದ್ದಲ್ಲ, ಒಪ್ಪುತ್ತೇನೆ. ಆದರೆ ಕಲಂ 8 ಹಾಕಲೇಬೇಕೋ ಬೇಡವೋ ಎನ್ನುವುದು ಪ್ರತಿ ರಾತ್ರಿ ಠಾಣೆಯಲ್ಲಿ ತೀರ್ಮಾನ ಆಗುತ್ತದೆ, ದೆಹಲಿಯಲ್ಲಿ ಅಲ್ಲ.

ಕಲಂ 7 ಇನ್ನೂ ಕಷ್ಟದ್ದು. ದೇವಸ್ಥಾನ, ಮಸೀದಿ, ಶಾಲೆ, ಹಾಸ್ಟೆಲು, ಆಸ್ಪತ್ರೆಯಿಂದ 200 ಮೀಟರ್ ಒಳಗೆ ನಡೆದರೆ ಅಪರಾಧ. ಗಂಗಾವತಿಯಲ್ಲಿ, ಸಿಂಧನೂರಲ್ಲಿ, ಸಿರುಗುಪ್ಪದಲ್ಲಿ ಯಾವ ಓಣಿಗೆ ಬೇಕಾದರೂ ಹೋಗಿ ಅಳತೆ ಪಟ್ಟಿ ಹಿಡಿಯಿರಿ. ಒಂದು ಹನುಮಪ್ಪನ ಗುಡಿ, ಒಂದು ಸರಕಾರಿ ಸಾಲಿ, ಒಂದು ನರ್ಸಿಂಗ್ ಹೋಮ್ ಬಿಟ್ಟು 200 ಮೀಟರ್ ದೂರ ಇರುವ ಮನೆ ಎಷ್ಟು ಸಿಗುತ್ತವೆ? ಊರೆಲ್ಲ ನಿಷೇಧಿತ ಪ್ರದೇಶ ಆದಮೇಲೆ ಅವಳು ಊರ ಹೊರಗೆ ಹೋಗುತ್ತಾಳೆ. ಹೆದ್ದಾರಿ ಬದಿಗೆ, ಕಾಲುವೆ ದಂಡೆಗೆ, ಜಾಲಿ ಪೊದೆಗಳ ಕಡೆಗೆ. ಅಲ್ಲಿ ಅವಳ ಕೂಗು ಯಾರಿಗೂ ಕೇಳುವುದಿಲ್ಲ. ಇಬ್ಬರು ಹೆಣ್ಣುಮಕ್ಕಳು ಜೀವಭಯಕ್ಕೆ ಒಂದೇ ಬಾಡಿಗೆ ಮನೆಯಲ್ಲಿ ಕೂಡಿ ಇದ್ದರೆ ಅದೂ ಅಪಾಯ. ಇಬ್ಬರ ಪರಸ್ಪರ ಲಾಭಕ್ಕೆ ಬಳಸುವ ಕೋಣೆಯೂ ಈ ಕಾಯ್ದೆಯ ವ್ಯಾಖ್ಯೆಯಲ್ಲಿ ವೇಶ್ಯಾಗೃಹವೇ. ಒಂಟಿಯಾಗಿದ್ದರೆ ರೌಡಿಗಳ ಕಾಟ, ಜೊತೆಗಿದ್ದರೆ ಕಲಂ 3ರ ಕೇಸು.

ಒಂದು ಪ್ರಕರಣ ಹೇಳುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಠಾಣೆಯ ಹೆಸರೂ ಹೇಳುವುದಿಲ್ಲ, ಆ ಹೆಣ್ಣುಮಗಳ ಗುರುತು ಸಿಗಬಾರದು. ರಾತ್ರಿ ಹೊತ್ತು ಒಂದು ಲಾಡ್ಜಿನ ಮೇಲೆ ದಾಳಿ ಆಯಿತು. ಮಹಿಳಾ ಅಧಿಕಾರಿ ಯಾರೂ ಇರಲಿಲ್ಲ. ಗೃಹರಕ್ಷಕ ದಳದ ಒಬ್ಬ ಹೆಣ್ಣುಮಗಳನ್ನು ಮಧ್ಯದಲ್ಲಿ ಕರೆಸಿಕೊಂಡರಂತೆ. ಕಲಂ 15ರ ಪ್ರಕಾರ ವಾರಂಟ್ ಇಲ್ಲದೆ ಶೋಧಿಸುವ ವಿಶೇಷ ಪೊಲೀಸ್ ಅಧಿಕಾರಿಯ ಜೊತೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸ್ ಅಧಿಕಾರಿಗಳು ಇರಬೇಕು. ಆ ಜಾಗದ ಇಬ್ಬರು ಗೌರವಸ್ಥ ನಿವಾಸಿಗಳು ಪಂಚರಾಗಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆ ಆಗಿರಬೇಕು. ಸಿಕ್ಕ ಹೆಣ್ಣುಮಕ್ಕಳನ್ನು ವಿಚಾರಿಸುವುದು ಮಹಿಳಾ ಅಧಿಕಾರಿಯೇ. ಪಂಚರಾಗಿ ಸಹಿ ಹಾಕಿದ್ದವರು ಠಾಣೆ ಎದುರಿನ ಅಂಗಡಿಯ ಇಬ್ಬರು ಗಂಡಸರು. ಗಿರಾಕಿಗಳನ್ನು ಸಾಕ್ಷಿ ಎಂದು ಬರೆದುಕೊಂಡು ಬೆಳಗಾಗುವ ಮೊದಲೇ ಮನೆಗೆ ಕಳಿಸಿದರು. ಕಲಂ 7 ಹೆಣ್ಣಿಗೂ ಗಿರಾಕಿಗೂ ಅನ್ವಯಿಸುತ್ತದೆ ಎನ್ನುವುದು ಆ ರಾತ್ರಿ ಯಾರಿಗೂ ನೆನಪಾಗಲಿಲ್ಲ. ಗಿರಾಕಿಗಳನ್ನೂ ಜೈಲಿಗೆ ಹಾಕಿ ಎನ್ನುವುದು ನನ್ನ ಬೇಡಿಕೆ ಅಲ್ಲ. ಅವರನ್ನು ಕಾಪಾಡಿದ ಮರ್ಯಾದೆಯಲ್ಲಿ ಒಂದು ಪಾಲಾದರೂ ಅವಳಿಗೆ ಸಿಗಬೇಕಿತ್ತು.

ಬೆಳಿಗ್ಗೆ ಒಂದು ಸ್ಥಳೀಯ ಯೂಟ್ಯೂಬ್ ವಾಹಿನಿಯಲ್ಲಿ ಅವಳ ವಿಡಿಯೋ ಬಂತು. ಸೆರಗು ಮುಖಕ್ಕೆ ಎಳೆದುಕೊಂಡಿದ್ದಳು, ಆದರೆ ಸೀರೆ, ನಡಿಗೆ, ಕೈಯ ಹಚ್ಚೆ ನೋಡಿ ಓಣಿಯವರು ಗುರುತಿಸಿದರು. ಸಂಜೆಗೆ ಮನೆ ಮಾಲೀಕ ಖಾಲಿ ಮಾಡು ಅಂದ. ಮಗ ಸಾಲಿ ಬಿಟ್ಟ. ಕೋರ್ಟಿನಲ್ಲಿ ಅವಳು ನನಗೆ ಕೇಳಿದ್ದು ಇಷ್ಟೇ: "ಅಕ್ಕಾರ, ನಾ ಕಳ್ತನಾ ಮಾಡೀನೇನ್ರಿ? ಯಾರ್ದಾರ ಮನಿ ಮುರ್ದೀನೇನ್ರಿ? ನನ್ನ ಹೆಸರಿನ ಮುಂದ ಆರೋಪಿ ಅಂತ ಯಾಕ ಬರ್ದಾರ್ರಿ?" ಕೇಸು ನಡೆಸೋಣ, ದಾಳಿಯೇ ಕಾನೂನುಬಾಹಿರ ಎಂದು ವಾದಿಸೋಣ ಅಂದೆ. ಎರಡು ಮೂರು ಹಾಜರಿ ಆದ ಮೇಲೆ ಅವಳು ಬೇಡ ಅಂದಳು. ಪ್ರತಿ ಹಾಜರಿಗೆ ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು ಅವಳ ಹೆಸರನ್ನು ಮೂರು ಸಲ ಕೂಗುತ್ತಾರೆ. ಹೊರಗೆ ಜಮೀನಿನ ಕೇಸಿಗೆ ಬಂದ ಅವಳ ಊರಿನವರೇ ನಿಂತಿರುತ್ತಾರೆ. "ದಂಡ ಕಟ್ಟಿ ಬಿಡ್ರಿ, ಹೆಸರು ಕೂಗೋದು ಸಾಕಾಗೈತಿ" ಅಂದಳು. ತಪ್ಪೊಪ್ಪಿಕೊಂಡಳು, ದಂಡ ಕಟ್ಟಿದಳು. ಇಲಾಖೆಯ ಲೆಕ್ಕದಲ್ಲಿ ಒಂದು ಕೇಸು ಶಿಕ್ಷೆಯಲ್ಲಿ ಮುಗಿಯಿತು. ಲಾಡ್ಜು ಈಗಲೂ ನಡೆಯುತ್ತಿದೆ.

ಆ ಲಾಡ್ಜಿನ ಮಾಲೀಕನನ್ನು ಹಿಡಿಯಲು ಕಾನೂನಿನಲ್ಲಿ ದಾರಿ ಇಲ್ಲ ಎಂದು ದಯವಿಟ್ಟು ಹೇಳಬೇಡಿ. ಕಲಂ 3ರಲ್ಲೇ ಇದೆ. ಶೋಧದಲ್ಲಿ ಸಿಕ್ಕ ವಸ್ತುಗಳ ಪಟ್ಟಿಯ ಒಂದು ಪ್ರತಿಯನ್ನು ಮಾಲೀಕನಿಗೆ ತಲುಪಿಸಿದರೆ, ಅಥವಾ ದಾಳಿಯ ಸುದ್ದಿ ಆ ಭಾಗದಲ್ಲಿ ಓದುವ ಪತ್ರಿಕೆಯಲ್ಲಿ ಬಂದರೆ, ತನ್ನ ಕಟ್ಟಡದಲ್ಲಿ ಏನು ನಡೆಯುತ್ತಿತ್ತು ಎಂದು ಅವನಿಗೆ ಗೊತ್ತಿತ್ತು ಎಂದೇ ಕೋರ್ಟು ಭಾವಿಸಬೇಕು. ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಅವನದು. ಕಲಂ 7ರಡಿ ಹೋಟೆಲಿನ ಪರವಾನಗಿಯನ್ನು 3 ತಿಂಗಳಿಂದ ಒಂದು ವರ್ಷದವರೆಗೆ ಅಮಾನತು ಮಾಡಬಹುದು. ಎಷ್ಟು ಲಾಡ್ಜುಗಳಿಗೆ ಆ ಪಟ್ಟಿಯ ಪ್ರತಿ ಕೊಟ್ಟಿದ್ದೀರಿ? ಎಷ್ಟು ಪರವಾನಗಿ ಅಮಾನತಾಗಿವೆ? ಜಿಲ್ಲಾಧಿಕಾರಿಗಳು ಈ ಎರಡು ಪ್ರಶ್ನೆಗೆ ಉತ್ತರವನ್ನು ಪ್ರಕಟಿಸಿದರೆ ಉಳಿದ ಚರ್ಚೆ ತಾನಾಗಿ ಸುಲಭವಾಗುತ್ತದೆ.

ದುಡ್ಡು ಯಾರ ಕೈಗೆ ಹೋಗುತ್ತದೆ ಎಂದು ಆ ಹೆಣ್ಣುಮಕ್ಕಳನ್ನು ಕೇಳಿದರೆ ತಡವರಿಸದೆ ಹೇಳುತ್ತಾರೆ. ಕೋಣೆಯ ಬಾಡಿಗೆ ಲಾಡ್ಜಿಗೆ. ಫೋನಿನಲ್ಲಿ ಗಿರಾಕಿ ಹೊಂದಿಸಿದ ಏಜೆಂಟನಿಗೆ ಒಂದು ಪಾಲು. ಆಟೋದವನಿಗೆ ಊರ ದರದ ಎರಡು ಪಟ್ಟು. ಓಣಿಯ ರೌಡಿಗೆ, ಸಮವಸ್ತ್ರದವರಿಗೆ ಮಾಮೂಲಿ. ಮೊದಲೆಲ್ಲ ಗಿರಾಕಿಯ ದುಡ್ಡು ನೇರ ಅವಳ ಕೈಗೆ ಬರುತ್ತಿತ್ತು. ಈಗ ಏಜೆಂಟನ ಫೋನ್‌ಪೇಗೆ ಹೋಗುತ್ತದೆ, ಅವನು ಕೊಟ್ಟಾಗ ಕೊಟ್ಟಷ್ಟು. ಉಳಿದದ್ದು ವಾರದ ಕಂತಿಗೆ. ಮೈಕ್ರೋಫೈನಾನ್ಸ್ ಸಾಲದ ಕಿರುಕುಳ ಎಷ್ಟರ ಮಟ್ಟಿಗೆ ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಗುಂಪಿನ ಮುಂದೆ ನಿಲ್ಲಿಸಿ ಬೈಯುವ ವಸೂಲಿಯ ಬಾಯಿಗೆ ಹೆದರಿ ಮೊದಲ ಸಲ ಲಾಡ್ಜಿನ ಮೆಟ್ಟಿಲು ಹತ್ತಿದೆ ಎಂದು ನನ್ನ ಮುಂದೆ ಹೇಳಿದವರಿದ್ದಾರೆ. ಶೋಷಣೆ ಎಂದು ನಾನು ಕರೆಯುವುದು ಇದನ್ನು. ಕಾಯ್ದೆಯ ಹೆಸರಿನಲ್ಲಿ ನಾವು ಹುಡುಕಬೇಕಾದವರು ಈ ಸಾಲಿನಲ್ಲಿ ನಿಂತವರು. ಸಾಲಿನ ಕೊನೆಯಲ್ಲಿ, ಎಲ್ಲರಿಗೂ ಕೊಟ್ಟು ಉಳಿದದ್ದರಲ್ಲಿ ಅಕ್ಕಿ ಎಣ್ಣೆ ಒಯ್ಯುವವಳು ಮಾತ್ರ ನಮಗೆ ಸಿಗುತ್ತಿದ್ದಾಳೆ.

ಅವಳು ಎಲ್ಲಿಂದ ಬಂದಳು ಎನ್ನುವುದನ್ನೂ ನೋಡಬೇಕು. ಕುಷ್ಟಗಿ, ಯಲಬುರ್ಗಾ, ದೇವದುರ್ಗ, ಲಿಂಗಸೂಗೂರಿನ ಒಣಭೂಮಿಯಲ್ಲಿ ಮಳೆ ಕೈಕೊಟ್ಟರೆ ಕೂಲಿ ಇಲ್ಲ. ತುಂಗಭದ್ರಾ ಕಾಲುವೆಯ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನೀರಿದ್ದರೂ ಭತ್ತ ಕೊಯ್ಯುವುದು ಈಗ ಯಂತ್ರ. ಎರಡನೇ ಬೆಳೆಗೆ ನೀರು ಬಿಡದ ವರ್ಷ ನಾಟಿಯ ಕೂಲಿಯೂ ಹೋಯಿತು. ಗಂಡ ಕುಡಿದು ಸತ್ತವಳು, ಬಿಟ್ಟುಹೋದವಳು, ಬೆಂಗಳೂರಿನ ಕಟ್ಟಡ ಕೆಲಸದಿಂದ ಸೊಂಟ ಮುರಿದುಕೊಂಡು ಬಂದ ಗಂಡನನ್ನು ಸಾಕುವವಳು. ರಾಯಚೂರು ನಿಲ್ದಾಣದಲ್ಲಿ ರೈಲು ಹತ್ತಿದರೆ ಪುಣೆ, ಮುಂಬೈ ನೇರ ದಾರಿ. ಆ ದಾರಿಯಲ್ಲಿ ಹೋದವರಲ್ಲಿ ಅನೇಕರು ಕಾಯಿಲೆ ಹೊತ್ತು ಊರಿಗೆ ಮರಳಿದ್ದನ್ನು ನಮ್ಮ ಹಳ್ಳಿಗಳು ಕಂಡಿವೆ.

ಇದರ ಜೊತೆಗೆ ಮುತ್ತು ಕಟ್ಟುವ ಪದ್ಧತಿ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ 1982ರದು. ಸರಕಾರದ 1993-94 ಮತ್ತು 2007-08ರ ಎರಡು ಸಮೀಕ್ಷೆಗಳು ಸೇರಿ ಗುರುತಿಸಿದ್ದು 46,660 ದೇವದಾಸಿಯರನ್ನು. ಮೂರೂ ಜಿಲ್ಲೆಗಳ ಹೆಣ್ಣುಮಕ್ಕಳು ಆ ಲೆಕ್ಕದಲ್ಲಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ದಲಿತ ಕೇರಿಗಳವರು. ದೇವದಾಸಿ ಎಂದರೆ ಲೈಂಗಿಕ ಕಾರ್ಯಕರ್ತೆ ಎಂದು ಸಮ ಮಾಡುವುದು ಅನ್ಯಾಯ. ಬಹಳ ಮಂದಿ ಕೂಲಿ ಮಾಡಿ ಮಕ್ಕಳನ್ನು ಬೆಳೆಸಿದವರು. ಆದರೆ ಗಂಡನಿಲ್ಲದ, ಜಮೀನಿಲ್ಲದ, ಮಗುವಿಗೆ ತಂದೆಯ ಹೆಸರು ಕೇಳಿದಾಗ ತಲೆ ತಗ್ಗಿಸುವ ಸ್ಥಿತಿಯನ್ನು ಊರು ಅವಳಿಗೆ ಹೇರಿತು, ಆಮೇಲೆ ಅದೇ ಊರು ಅವಳ ಮಗಳ ಕಡೆ ಕಣ್ಣು ಹಾಯಿಸಿತು. 2025ರಲ್ಲಿ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟು, ಮಕ್ಕಳಿಗೆ ತಂದೆಯನ್ನು ಗುರುತಿಸುವ, ಆಸ್ತಿಯಲ್ಲಿ ಪಾಲು ಕೇಳುವ ಹಕ್ಕಿನ ಮಾತು ಆಡಿತು. ಒಳ್ಳೆಯದು. ಹಳೆಯ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ಮಾಸಾಶನಕ್ಕೆ ಅಲೆಯುವುದು ನಿಂತರೆ ಇನ್ನೂ ಒಳ್ಳೆಯದು.

ಈಗ ಸುಪ್ರೀಂ ಕೋರ್ಟಿನ ಆದೇಶಕ್ಕೆ ಬರುತ್ತೇನೆ. 1999ರಲ್ಲಿ ಕೋಲ್ಕತ್ತದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯನ್ನು ಹೊಡೆದು ಕೊಂದ ಪ್ರಕರಣ. 2011ರಲ್ಲಿ ಕೊಲೆಗಾರನ ಮೇಲ್ಮನವಿ ವಜಾ ಮಾಡಿದ ಕೋರ್ಟು ಅಲ್ಲಿಗೇ ನಿಲ್ಲಲಿಲ್ಲ. ಈ ಹೆಣ್ಣುಮಕ್ಕಳೂ ಮನುಷ್ಯರು, ಸಂವಿಧಾನದ 21ನೇ ವಿಧಿಯ ಘನತೆಯ ಬದುಕು ಇವರಿಗೂ ಸಲ್ಲುತ್ತದೆ ಎಂದು ಹೇಳಿ, ಒಂದು ಸಮಿತಿ ಮಾಡಿ, ಪ್ರಕರಣವನ್ನು ಮುಂದುವರಿಸಿತು. 2022ರ ಮೇ 19ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ, ಎ.ಎಸ್. ಬೋಪಣ್ಣ ಅವರ ಪೀಠ 142ನೇ ವಿಧಿಯ ಅಧಿಕಾರ ಬಳಸಿ ನಿರ್ದೇಶನ ಕೊಟ್ಟಿತು. ಸಮಿತಿಯ ಕೆಲವು ಶಿಫಾರಸುಗಳಿಗೆ ಕೇಂದ್ರ ಸರಕಾರ ತಕರಾರು ತೆಗೆದಿತ್ತು. ತಕರಾರಿಲ್ಲದವನ್ನು ಕಾನೂನು ಬರುವವರೆಗೆ ಎಲ್ಲ ರಾಜ್ಯಗಳೂ ಪಾಲಿಸಬೇಕು ಎಂದಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದರೆ ಬೇರೆ ಯಾವುದೇ ಸಂತ್ರಸ್ತೆಗೆ ಸಿಗುವಂತೆ ತಕ್ಷಣ ಚಿಕಿತ್ಸೆ. ಇಚ್ಛೆಗೆ ವಿರುದ್ಧವಾಗಿ ರಕ್ಷಣಾ ಗೃಹಗಳಲ್ಲಿ ಇಟ್ಟ ಪ್ರಾಯದ ಮಹಿಳೆಯರ ಸಮೀಕ್ಷೆ, ಬಿಡುಗಡೆ. ಪೊಲೀಸರಿಗೆ ತಿಳಿವಳಿಕೆ. ದಾಳಿಯ ಸುದ್ದಿಯಲ್ಲಿ ಮುಖ, ಗುರುತು ಬಹಿರಂಗ ಮಾಡದಂತೆ ಮಾಧ್ಯಮಗಳಿಗೆ ಮಾರ್ಗಸೂಚಿ. ಕಾಂಡೋಮನ್ನು ಅಪರಾಧದ ಸಾಕ್ಷ್ಯ ಎಂದು ಪರಿಗಣಿಸಬಾರದು. ಕಾನೂನು ಸೇವಾ ಪ್ರಾಧಿಕಾರಗಳ ಮೂಲಕ ಅವರಿಗೆ ಹಕ್ಕುಗಳ ಅರಿವು. ವಿಳಾಸದ ದಾಖಲೆ ಇಲ್ಲದವರಿಗೆ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕಾರ್ಡ್, ಅದರಲ್ಲಿ ಅವರ ವೃತ್ತಿಯ ಸುಳಿವೇ ಇರದಂತೆ.

ಕಾಂಡೋಮಿನ ವಿಷಯಕ್ಕೆ ನಾನು ಸ್ವಲ್ಪ ನಿಲ್ಲಬೇಕು, ನನಗೆ ಹೆಚ್ಚು ಸಿಟ್ಟು ಬರುವುದು ಅಲ್ಲೇ. ಈ ಶತಮಾನದ ಆರಂಭದಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಎಚ್‌ಐವಿ ಭಯದಲ್ಲಿ ನಡುಗಿದ್ದ ಜಿಲ್ಲೆಗಳು. ಗಣಿಯ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ ಅದು. ಆಗ ಸೋಂಕಿಗೆ ಎದುರು ನಿಂತವರು ಈ ಹೆಣ್ಣುಮಕ್ಕಳೇ. ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಕಾರ್ಯಕ್ರಮಗಳಲ್ಲಿ ಸಂಘ ಕಟ್ಟಿಕೊಂಡರು, ತಮ್ಮಂಥವರ ಮನೆಮನೆಗೆ ಹೋಗಿ ಕಾಂಡೋಮ್ ಕೊಟ್ಟರು, ರಕ್ತಪರೀಕ್ಷೆಗೆ ಕೈಹಿಡಿದು ಕರೆದುಕೊಂಡು ಹೋದರು. ಅವರು ಕಾಪಾಡಿದ್ದು ತಮ್ಮನ್ನು ಮಾತ್ರ ಅಲ್ಲ, ಗಿರಾಕಿಗಳ ಮನೆಯಲ್ಲಿದ್ದ ಹೆಂಡಿರನ್ನು, ಹುಟ್ಟಬೇಕಿದ್ದ ಕೂಸುಗಳನ್ನೂ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಕಲಂ 22, ಸೋಂಕಿನ ಅಪಾಯ ತಗ್ಗಿಸಲು ಕೈಗೊಂಡ ಯಾವ ಕ್ರಮವನ್ನೂ ಅಪರಾಧ ಎನ್ನಕೂಡದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆರೋಗ್ಯ ಇಲಾಖೆ ಅವಳ ಚೀಲಕ್ಕೆ ಹಾಕಿದ್ದನ್ನು ಪೊಲೀಸ್ ಇಲಾಖೆ ಮುದ್ದೆಮಾಲು (ಸಾಕ್ಷ್ಯಕ್ಕೆ ಜಪ್ತಿ ಮಾಡಿದ ವಸ್ತು) ಎಂದು ಲಕೋಟೆಯಲ್ಲಿ ಹಾಕಿ ಅರಗು ಹಚ್ಚುತ್ತದೆ. ಇದನ್ನು ಕಂಡ ಹೆಣ್ಣುಮಗಳು ಮರುದಿನದಿಂದ ಚೀಲದಲ್ಲಿ ಇಟ್ಟುಕೊಳ್ಳುವುದನ್ನೇ ಬಿಡುತ್ತಾಳೆ.

ಇನ್ನು ಅವಳ ಮನೆಯವರು. ಕಲಂ 4ರ ಪ್ರಕಾರ 18 ವರ್ಷ ದಾಟಿದ ಯಾರೇ ಆಗಲಿ ಅವಳ ಸಂಪಾದನೆಯ ಮೇಲೆ ಬದುಕಿದರೆ 2 ವರ್ಷದವರೆಗೆ ಶಿಕ್ಷೆ. ಅವಳ ಜೊತೆ ವಾಸವಿದ್ದರೆ ಸಾಕು, ಅವನೂ ಅಪರಾಧಿ ಎಂದು ಭಾವಿಸಲು ಕಾಯ್ದೆ ಅವಕಾಶ ಕೊಡುತ್ತದೆ. ಪದವಿ ಓದುವ ಮಗ, ಹಾಸಿಗೆ ಹಿಡಿದ ತಾಯಿ ಇದರೊಳಗೆ ಸಿಗುತ್ತಾರೆ. ಈ ಕಲಂ ಹುಟ್ಟಿದ್ದು ದಲ್ಲಾಳಿಯನ್ನು ಹಿಡಿಯಲು. ತನಿಖಾಧಿಕಾರಿ ಮನಸ್ಸು ಮಾಡಿದರೆ ಮಗನಿಗೂ ದಲ್ಲಾಳಿಗೂ ಇರುವ ಅಂತರ ಒಂದೇ ಭೇಟಿಯಲ್ಲಿ ತಿಳಿಯುತ್ತದೆ.

ಮಕ್ಕಳನ್ನು ಮಾರುವವರ ಬಗ್ಗೆ ನನಗೆ ಯಾವ ಕರುಣೆಯೂ ಇಲ್ಲ. 18 ತುಂಬದ ಹುಡುಗಿ ಈ ದಂಧೆಯಲ್ಲಿ ಸಿಕ್ಕರೆ ಅಲ್ಲಿ ಇಚ್ಛೆ, ಒಪ್ಪಿಗೆ ಎನ್ನುವ ಮಾತೇ ಬರಬಾರದು. ಪೋಕ್ಸೊ ಇದೆ, ಭಾರತೀಯ ನ್ಯಾಯ ಸಂಹಿತೆಯ 98, 99, 143, 144ನೇ ಕಲಂಗಳಿವೆ, ಅಷ್ಟನ್ನೂ ಹಾಕಿ. ಪ್ರಾಯದ ಹೆಣ್ಣನ್ನು ಕೆಲಸದ ಆಸೆ ತೋರಿಸಿ ಕರೆದೊಯ್ದು ಕೂಡಿಹಾಕಿದರೂ ಹಾಗೆಯೇ. ಆದರೆ ಆ ಹುಡುಗಿ ಎಲ್ಲಿದ್ದಾಳೆ ಎಂದು ನಿಮಗೆ ಯಾರು ಹೇಳಬೇಕು? ಲಾಡ್ಜಿಗೆ ಹೊಸ ಮುಖ ಬಂದರೆ ಮೊದಲು ಕಾಣುವುದು ಅಲ್ಲಿಗೆ ಹೋಗುವ ಈ ಹೆಣ್ಣುಮಕ್ಕಳಿಗೆ. "ಸಣ್ಣ ಹುಡುಗಿ ಇದ್ದಂಗ ಐತ್ರಿ, ಅಳ್ತಾ ಕೂತಿತ್ತು" ಎಂದು ಒಬ್ಬಳು ನನ್ನ ಬಳಿ ಬಂದು ಹೇಳಿದ್ದಳು. ಠಾಣೆಗೆ ಹೋಗಿ ಹೇಳಲು ಅವಳಿಗೆ ಧೈರ್ಯ ಇರಲಿಲ್ಲ, ಹೇಳಿದವಳ ಮೇಲೆಯೇ ಕೇಸು ಬೀಳುತ್ತದೆ ಎಂದು ಗೊತ್ತಿತ್ತು. ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ. ಮಾನವ ಕಳ್ಳಸಾಗಣೆ ತಡೆಯುವ ಘಟಕಕ್ಕೆ ಇವರಿಗಿಂತ ಒಳ್ಳೆಯ ಮಾಹಿತಿದಾರರು ಬೇರೆ ಯಾರೂ ಸಿಗುವುದಿಲ್ಲ. ಅವರನ್ನು ಆರೋಪಿ ಮಾಡಿದ ದಿನವೇ ಆ ಬಾಗಿಲು ಮುಚ್ಚುತ್ತದೆ.

ನನ್ನ ಜೊತೆಯ ವಕೀಲರು, ಮಹಿಳಾ ಸಂಘಟನೆಯ ಗೆಳತಿಯರು ಕೂಡ ಕೇಳುವ ಪ್ರಶ್ನೆ ಒಂದಿದೆ: ಹಸಿವಿಗೆ ಬಂದವಳ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ಗೌರವದ ಪ್ರಶ್ನೆ ಅದು, ಸುಲಭದ ಉತ್ತರ ನನ್ನಲ್ಲಿಲ್ಲ. ಬಹಳ ಮಂದಿ ಬೇರೆ ದಾರಿ ಇದ್ದಿದ್ದರೆ ಇಲ್ಲಿ ಇರುತ್ತಿರಲಿಲ್ಲ. ಆದರೆ ಬೇರೆ ದಾರಿ ಕೊಡದೆ ಇರುವ ಒಂದನ್ನೂ ಲಾಠಿ ಹಿಡಿದು ಮುಚ್ಚಿದರೆ ಹಸಿವು ಹೋಗುವುದಿಲ್ಲ. ಕಲಂ 17ರಡಿ ರಕ್ಷಣಾ ಗೃಹಕ್ಕೆ ಒಂದರಿಂದ ಮೂರು ವರ್ಷ ಕಳಿಸಬಹುದು. ತಪ್ಪೇ ಮಾಡದವಳಿಗೆ, ರಕ್ಷಣೆಯ ಹೆಸರಿನಲ್ಲಿ, ಅಪರಾಧಿಗಿಂತ ದೊಡ್ಡ ಅವಧಿ. ಹೊರಗೆ ಅವಳ ಮಕ್ಕಳು ಯಾರ ಮನೆಯಲ್ಲಿ ಉಣ್ಣುತ್ತವೆ? ಅದೇ ಕಲಂ ಮ್ಯಾಜಿಸ್ಟ್ರೇಟರಿಗೆ ಸಲಹೆ ಕೊಡಲು ಐವರ ಸಮಿತಿ ಕರೆಯಬಹುದು, ಸಾಧ್ಯವಾದಷ್ಟು ಅದರಲ್ಲಿ ಮೂವರು ಮಹಿಳೆಯರಿರಬೇಕು ಎನ್ನುತ್ತದೆ. ನಾನು ನಿಂತ ಯಾವ ಪ್ರಕರಣದಲ್ಲೂ ಅಂಥ ಸಮಿತಿ ಕಂಡಿಲ್ಲ. ಬಿಟ್ಟು ಬರಬೇಕು ಎನ್ನುವವಳಿಗೆ ಮಹಿಳಾ ಅಭಿವೃದ್ಧಿ ನಿಗಮದ ಚೇತನ ಯೋಜನೆ ಇದೆ, ಅದಕ್ಕೆ ಅರ್ಜಿ ಹಾಕಲು ಅವಳು ಮೊದಲು ಸರಕಾರಿ ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ಮಾಡಬೇಕು. ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರ್ 29ರಂದು, ಗುರುತಿನ ಚೀಟಿ ಕೇಳದೆ ಇವರಿಗೆ ರೇಷನ್ ಕೊಡಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಜಯಮಾಲಾ ಅವರ ಅಧ್ಯಕ್ಷತೆಯ ಸಮಿತಿ 2017ರಲ್ಲೇ ಲೈಂಗಿಕ ಕಾರ್ಯಕರ್ತೆಯರ ಸ್ಥಿತಿಗತಿಯ ವರದಿಯನ್ನು ರಾಜ್ಯ ಸರಕಾರದ ಕೈಗೆ ಕೊಟ್ಟಿದೆ.

ಊರಿನ ಹಿರಿಯರಿಗೆ, ಪತ್ರಕರ್ತ ಮಿತ್ರರಿಗೆ ಒಂದು ಮಾತು. ಓಣಿ ಕೆಡುತ್ತದೆ ಎಂದು ನೀವು ಠಾಣೆಗೆ ಅರ್ಜಿ ಕೊಡುತ್ತೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ನಿಮ್ಮ ಮನೆಯಲ್ಲಿ ಬೆಳೆಯುವ ಮಕ್ಕಳಿದ್ದಾರೆ. ಅವಳ ಮನೆಯಲ್ಲೂ ಇದ್ದಾರೆ. ದಾಳಿಯ ವಿಡಿಯೋ ಹಂಚುವ ಮೊದಲು ಅವಳ ಮಗಳೂ ಅದೇ ವಾಟ್ಸ್‌ಆ್ಯಪ್ ನೋಡುತ್ತಾಳೆ ಎಂದು ನೆನೆಯಿರಿ. ಖಾಸಗಿ ಸ್ಥಿತಿಯಲ್ಲಿರುವ ಹೆಣ್ಣಿನ ಚಿತ್ರ ತೆಗೆದು ಹರಡುವುದು ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ. ಕೋಣೆಯೊಳಗೆ ಕ್ಯಾಮೆರಾ ಹಿಡಿದು ನುಗ್ಗಿದವರ ಮೇಲೆ ದೂರು ಕೊಡಲು ನಾನು ತಯಾರಿದ್ದೇನೆ.

ಅಧಿಕಾರಿಗಳೇ, ನಾನು ಕೇಳುವುದಕ್ಕೆ ಹೊಸ ಕಾನೂನು ಬೇಕಿಲ್ಲ. ವರಿಷ್ಠಾಧಿಕಾರಿಗಳು ಪ್ರತಿ ಠಾಣೆಗೆ ಒಂದು ಸುತ್ತೋಲೆ ಕಳಿಸಿದರೆ ಆಗುವ ಕೆಲಸ ಹೆಚ್ಚಿನದು. ಪ್ರಾಯದ ಹೆಣ್ಣುಮಕ್ಕಳ ಮೇಲೆ ಕಲಂ 8 ಹಾಕುವ ಮುನ್ನ ಉಪಾಧೀಕ್ಷಕರ ಲಿಖಿತ ಒಪ್ಪಿಗೆ ಇರಲಿ. ಸೂರ್ಯ ಮುಳುಗಿದ ಮೇಲೆ ಮಹಿಳೆಯನ್ನು ಬಂಧಿಸಬೇಕಾದರೆ ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಅನುಮತಿ ಬೇಕು ಎಂಬ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಇವಳಿಗೂ ಅನ್ವಯಿಸಲಿ. ಪಂಚನಾಮೆಯಲ್ಲಿ ಕಾಂಡೋಮ್ ಬರೆಯುವುದು ನಿಲ್ಲಲಿ, ಕಟ್ಟಡದ ಮಾಲೀಕನ ಹೆಸರು, ಪರವಾನಗಿ ಸಂಖ್ಯೆ ಬರೆಯುವುದು ಶುರುವಾಗಲಿ. ವೇಶ್ಯಾವಾಟಿಕೆಗೆ ಬಲಿಯಾದವಳನ್ನು ಕಲಂ 5ರಡಿ ಶಿಕ್ಷಿಸಲಾಗದು ಎಂದು ನಮ್ಮ ಹೈಕೋರ್ಟು ಹೇಳಿದ್ದು ತನಿಖಾಧಿಕಾರಿಗಳ ಮೇಜಿಗೆ ತಲುಪಲಿ. ವಿಶೇಷ ಪೊಲೀಸ್ ಅಧಿಕಾರಿಗೆ ಸಲಹೆ ಕೊಡಲು ಐವರವರೆಗಿನ ಅಧಿಕಾರೇತರ ಸಮಿತಿ ಮಾಡಲು ಕಲಂ 13 ಸರಕಾರಕ್ಕೆ ಅವಕಾಶ ಕೊಟ್ಟಿದೆ. ಮೂರೂ ಜಿಲ್ಲೆಗೆ ಅದನ್ನು ಮಾಡಿಸಿಕೊಡಿ ಎಂದು ಜಿಲ್ಲಾಧಿಕಾರಿಗಳು ಪತ್ರ ಬರೆಯಲಿ, ಅದರಲ್ಲಿ ಈ ಸಮುದಾಯದ ಒಬ್ಬ ಹೆಣ್ಣುಮಗಳಾದರೂ ಇರಲಿ. ಈಗಾಗಲೇ ಬಾಕಿ ಇರುವ ಕೇಸುಗಳಲ್ಲಿ ಮಹಿಳೆಯೊಬ್ಬಳೇ ಆರೋಪಿಯಾಗಿರುವವನ್ನು ಹಿಂಪಡೆಯಲು ಸಾಧ್ಯವೇ ಎಂದು ಸರಕಾರಿ ಅಭಿಯೋಜಕರು ಪರಿಶೀಲಿಸಲಿ.

ಕಾನೂನು ಸೇವಾ ಪ್ರಾಧಿಕಾರಕ್ಕೆ ಪ್ರತ್ಯೇಕವಾಗಿ ಕೇಳುತ್ತೇನೆ. 1987ರ ಕಾಯ್ದೆಯ ಕಲಂ 12ರ ಪ್ರಕಾರ ಮಹಿಳೆಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರು ಸಿಗಬೇಕು. ಕಳ್ಳಸಾಗಣೆ ಮತ್ತು ಲೈಂಗಿಕ ಶೋಷಣೆಯ ಸಂತ್ರಸ್ತರಿಗಾಗಿ ರಾಷ್ಟ್ರೀಯ ಪ್ರಾಧಿಕಾರ 2015ರಲ್ಲೇ ಯೋಜನೆ ಮಾಡಿದೆ. ದಾಳಿಯಾದ ರಾತ್ರಿಯೇ ಠಾಣೆಗೆ ಹೋಗುವ ಪ್ಯಾನಲ್ ವಕೀಲೆಯರ ಸರದಿ ಪಟ್ಟಿ ಮಾಡಿ, ಫೋನ್ ನಂಬರನ್ನು ಠಾಣೆಯ ಗೋಡೆಗೆ ಹಚ್ಚಿ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಈ ಹೆಣ್ಣುಮಕ್ಕಳ ಜೊತೆ ಒಂದು ಸಭೆ ಕರೆಯಿರಿ. ಠಾಣೆಯಲ್ಲಿ ಬೇಡ, ಕೋರ್ಟ್ ಆವರಣದಲ್ಲೂ ಬೇಡ, ಜಿಲ್ಲಾ ಆಸ್ಪತ್ರೆಯ ಆಪ್ತಸಮಾಲೋಚನಾ ಕೇಂದ್ರಕ್ಕೆ ಅವರು ಹೇಗೂ ಬಂದು ಹೋಗುತ್ತಾರೆ, ಅಲ್ಲಿ ಇಡಿ. ಸಾಲಿ ಬಿಡುವ ಹೊತ್ತಿಗೆ ಮನೆಗೆ ಹೋಗಬೇಕಾದ ತಾಯಂದಿರು ಇದ್ದಾರೆ, ಹನ್ನೊಂದಕ್ಕೆ ಶುರು ಮಾಡಿ ಮೂರರೊಳಗೆ ಮುಗಿಸಿ. ಸಮವಸ್ತ್ರ ಬೇಡ, ಫೋಟೊ ಬೇಡ, ಹಾಜರಿ ಪುಸ್ತಕದಲ್ಲಿ ಪೂರ್ತಿ ಹೆಸರು ಬರೆಸಬೇಡಿ. ದಿನಾಂಕ ತಿಳಿಸಿದರೆ ಅವರನ್ನು ಕರೆತರುವ ಜವಾಬ್ದಾರಿ ನನ್ನದು.

ಇಂತಿ,
ಕೊಪ್ಪಳ ಜಿಲ್ಲೆಯ ಒಬ್ಬ ವಕೀಲೆ